ಶ್ರೀಗಂಧದ ಕಾವಲಿಗೆ ಬಂದ ದೋಣಿ

ನಮ್ಮಕ್ಕನಿಗೆ ಒಂದು ಸ್ವಂತ ದೋಣಿ ಬೇಕಾಗಿತ್ತು. ಚಿಕ್ಕಂದಿನಲ್ಲಿ ಅಪ್ಪ ನಮ್ಮಿಬ್ಬರನ್ನು ಕೆರೆಗೆ ಕರೆದೊಯ್ದು ಬಾಡಿಗೆ ದೋಣಿ ಹತ್ತಿಸುತ್ತಿದ್ದರು. ನಡುನೀರಿಗೆ ಹೋಗಿ, ದಡದ ಗದ್ದಲ ಕಿವಿಯಿಂದ ಜಾರುತ್ತಿದೆ ಅನ್ನುವಷ್ಟರಲ್ಲಿ ಟಿಕೆಟಿನವನು ಸೀಟಿ ಹೊಡೆಯುತ್ತಿದ್ದ. ಅಕ್ಕ ಪ್ರತಿಸಲವೂ ಅಳುತ್ತಲೇ ಇಳಿಯುತ್ತಿದ್ದಳು. ಬಾಪೂಜಿ ನಗರದ ಶಾಲೆಯಲ್ಲಿ ಟೀಚರಾಗಿ, ಕೂದಲು ನರೆತ ಮೇಲೂ ಆ ಆಸೆ ಅವಳನ್ನು ಬಿಟ್ಟಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವಿಬ್ಬರೂ ಶ್ರೀಗಂಧದ ಕಾವಲಿನಲ್ಲಿ ಪುಟ್ಟ ಮನೆ ಕಟ್ಟಿಸಿಕೊಂಡಿದ್ದೆವು. ಸುತ್ತಲೂ ಖಾಲಿ ಸೈಟುಗಳು, ಲಂಟಾನ ಪೊದೆಗಳು. ಕಾವೇರಿ ನೀರು ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಕುಡಿಯಲು, ತೊಳೆಯಲು ಎಲ್ಲಕ್ಕೂ ಟ್ಯಾಂಕರೇ ಗತಿ. ಆ ಬೇಸಿಗೆಯಲ್ಲಿ ಅಕ್ಕನ ಶಾಲೆಯ ಗೆಳತಿಯೊಬ್ಬರು, ಕೆಂಗೇರಿಯಾಚೆ ಮುಚ್ಚಿಹೋದ ರೆಸಾರ್ಟಿನ ಸಾಮಾನುಗಳನ್ನು ಮಾರುತ್ತಿದ್ದಾರೆ, ಅದರಲ್ಲಿ ಒಂದು ದೋಣಿಯೂ ಇದೆಯಂತೆ ಎಂದರು. ಮರುದಿನವೇ ಬಸ್ಸು ಹತ್ತಿದೆವು.

ಹೊಂಗೆಮರದ ಕೆಳಗೆ, ಲಾರಿ ಟೈರುಗಳ ಮೇಲೆ ಅದನ್ನು ಇಟ್ಟಿದ್ದರು. ಹೊಸ ನೀಲಿ ಬಣ್ಣ. ಒಳಗೆಲ್ಲ ಹೊಂಗೆ ಹೂವು ಉದುರಿ ಪುರಿ ಚೆಲ್ಲಿದ ಹಾಗಿತ್ತು.

"ಎಷ್ಟು ಜನ ಕೂತ್ಕೋಬಹುದು?" ಎಂದು ಅಕ್ಕ ಕೇಳಿದಳು.

"ಐದು ಜನ ಆರಾಮಾಗಿ, ಮೇಡಂ. ಈಗ ತಾನೇ ಪೇಂಟ್ ಹೊಡ್ಸಿದೀವಿ," ಎಂದ ಅಲ್ಲಿನ ಮ್ಯಾನೇಜರ್.

ಮಾರುವ ಹಳೇ ದೋಣಿಗೆ ಪೇಂಟ್ ಯಾಕೆ ಹೊಡೆಸಿದಿರಿ ಎಂದು ನಾವು ಕೇಳಲಿಲ್ಲ. ಪಕ್ಕದಲ್ಲೇ ಕೊಳವಿತ್ತು, ಅದರಲ್ಲಿ ನೀರೂ ಇತ್ತು. "ಒಂದ್ಸಲ ನೀರಿಗೆ ಬಿಟ್ಟು ನೋಡೋಣ್ವಾ?" ಎಂದೆ. "ಎತ್ತೋಕೆ ಹುಡುಗ್ರು ಬೇಕು ಮೇಡಂ, ಇವತ್ತು ಯಾರೂ ಬಂದಿಲ್ಲ" ಎಂದ. ನಾನು ತಿರುಗಿ ನೋಡುವಷ್ಟರಲ್ಲಿ ಅಕ್ಕ ಸೀರೆ ಎತ್ತಿ ಹಿಡಿದು ಒಳಗೆ ಕಾಲಿಟ್ಟಾಗಿತ್ತು. ಹಲಗೆಯ ಮೇಲೆ ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದು ಕಣ್ಣು ಮುಚ್ಚಿದಳು. ಗಾಳಿಗೆ ಮರ ತೂಗುತ್ತಿತ್ತು, ಅವಳೂ ಚೂರು ತೂಗುತ್ತಿದ್ದಳು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಟೆಂಪೋದಲ್ಲಿ ದೋಣಿ ಹೇರಿಸಿದೆವು. ಡ್ರೈವರ್ ಎಷ್ಟು ಹೇಳಿದರೂ ಕೇಳದೆ ಅಕ್ಕ ಹಿಂದೆ, ದೋಣಿಯೊಳಗೇ ಕೂತಳು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಹೊಗೆಯ ನಡುವೆ ನಿಂತಾಗ ಬಸ್ಸಿನ ಕಿಟಕಿಗಳ ತುಂಬ ಮುಖಗಳು. ನಾನು ಮುಂದಿನ ಸೀಟಿನಿಂದ ಕತ್ತು ಹೊರಳಿಸಿ ನೋಡಿದರೆ ಅಕ್ಕ ಯಾರನ್ನೂ ನೋಡುತ್ತಿರಲಿಲ್ಲ. ಮೈಸೂರು ರಸ್ತೆಯೇ ಒಂದು ಹೊಳೆ, ತಾನು ಅದರ ಮೇಲೆ ತೇಲಿ ಬರುತ್ತಿದ್ದೇನೆ ಅನ್ನುವಂತಿತ್ತು ಅವಳ ಮುಖ.

ಮನೆ ಮುಂದೆ ಇಳಿಸಿದಾಗ ದೋಣಿ ಗೇಟಿನಲ್ಲಿ ಹಿಡಿಸಲಿಲ್ಲ. ಅಳತೆ ತೆಗೆದುಕೊಳ್ಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಇಟ್ಟೆವು. ಮಾರನೇ ದಿನ ಟ್ಯಾಂಕರಿನವನು ಪೈಪು ಹಿಡಿದು ಕೇಳಿದ: "ಆಂಟಿ, ಇದಕ್ಕೂ ತುಂಬಿಸ್ಬೇಕಾ?"

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಆಲಿಕಲ್ಲು ಸಹಿತ ಜೋರು ಮಳೆ ಬಂತು. ನಿಂತ ಮೇಲೆ ದೋಣಿಯ ನೀರು ಖಾಲಿ ಮಾಡಲು ಬಕೆಟ್ ಹಿಡಿದು ಹೋದೆವು. ಸೈಟಿನ ತಗ್ಗುಗಳೆಲ್ಲ ತುಂಬಿದ್ದವು. ದೋಣಿಯೊಳಗೆ ನೀರೇ ಇರಲಿಲ್ಲ.

"ನೋಡೇ, ಒಂದು ಹನಿ ನಿಂತಿಲ್ಲ!" ಎಂದು ಅಕ್ಕ ಸಂಭ್ರಮಪಟ್ಟಳು. ನನಗೂ ಖುಷಿಯಾಯಿತು. ಬಕೆಟ್ ಹಿಡಿದು ವಾಪಸು ಹೊರಟವಳು ಗೇಟಿನ ಹತ್ತಿರ ನಿಂತೆ. ಅಕ್ಕನೂ ನಿಂತಳು.

"ಹಂಗಾದ್ರೆ ನೀರು ಎಲ್ಲಿಗೆ ಹೋಯ್ತು ಕಣೇ?" ಎಂದಳು.

ಅಕ್ಕಪಕ್ಕದವರನ್ನು ಕರೆದು ದೋಣಿ ಮಗುಚಿದೆವು. ಅಡಿಯಲ್ಲಿ ಬಣ್ಣ ಉಬ್ಬಿ ಸುಲಿಯುತ್ತಿತ್ತು. ಅದರ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಮೊಳದುದ್ದದ ಬಿರುಕು. ಅಕ್ಕ ಅದರ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ. "ಪಾಪ, ಎಲ್ಲಿ ಏಟು ತಿಂತೋ" ಎಂದಳು.

ರೆಸಾರ್ಟಿಗೆ ಹೋದರೆ ಗೇಟಿಗೆ ಬೀಗ. ಕಾಮಾಕ್ಷಿಪಾಳ್ಯದ ಒಂದು ಗ್ಯಾರೇಜಿನಲ್ಲಿ ಬಿರುಕಿಗೆ ಫೈಬರ್ ಪದರ ಹಾಕಿಸಿದೆವು. ಜೊತೆಗೆ ಕೊಟ್ಟಿದ್ದ ಹುಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಆಗಲೇ. ಒಂದು ಉದ್ದ, ಇನ್ನೊಂದು ಗಿಡ್ಡ. ಅದಕ್ಕಿಂತ ದೊಡ್ಡ ಪ್ರಶ್ನೆ, ಬಿಡುವುದು ಎಲ್ಲಿ? ಕೆಂಗೇರಿ ಕೆರೆಯ ನೊರೆ ನೋಡಿ ಹಿಂದಿರುಗಿದೆವು. ಊರಾಚೆಯ ಒಂದು ಅಣೆಕಟ್ಟಿನಲ್ಲಿ ವಿಚಾರಿಸಿದರೆ ಪರ್ಮಿಷನ್ ಇಲ್ಲ ಎಂದರು. ಕೊನೆಗೆ ದಸರಾ ರಜೆಯಲ್ಲಿ ಆ ಗೆಳತಿಯೇ, "ತಾವರೆಕೆರೆ ಹತ್ರ ನಮ್ಮೂರ ಕೆರೆ ತುಂಬಿದೆ, ತಗೊಂಡ್ಬನ್ನಿ. ಊರಿನವ್ರಿಗೆ ನಾನು ಹೇಳಿರ್ತೀನಿ" ಎಂದರು.

ದೋಣಿ ತೇಲಿತು. ಆದರೆ ಸಮವಿಲ್ಲದ ಹುಟ್ಟುಗಳಿಂದ ಅದು ನೇರ ಹೋಗದೆ ರಾಗಿ ಬೀಸುವ ಕಲ್ಲಿನ ಹಾಗೆ ಸುತ್ತಿತು. ಹಲಗೆಯ ಸ್ಕ್ರೂಗಳ ಬುಡದಿಂದ ಸಣ್ಣಗೆ ನೀರು ಒಸರತೊಡಗಿತು. ದಡದಲ್ಲಿ ಊರಿನವರು ನಕ್ಕರು, ನಾವೂ ನಕ್ಕೆವು. ದೋಣಿಯನ್ನು ಅಲ್ಲೇ, ಗೆಳತಿಯ ತೋಟದಲ್ಲಿ ಬಿಟ್ಟು ಬಂದೆವು. ಆಮೇಲೆ ಹೊಸ ಹುಟ್ಟುಗಳು ಬಂದವು, ಸ್ಕ್ರೂಗಳಿಗೆ ಅಂಟು ಬಂತು. ಸೋರುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕೆರೆಯಲ್ಲಿ ನೀರಿದ್ದ ವರ್ಷಗಳಲ್ಲೆಲ್ಲ ಭಾನುವಾರ ಹೋಗುತ್ತಿದ್ದೆವು. ಅಕ್ಕನ ಮಂಡಿ ನೋವು ಹೆಚ್ಚಿದ ಮೇಲೆ ದೋಣಿಯನ್ನು ಊರಿನವರಿಗೇ ಬಿಟ್ಟುಕೊಟ್ಟೆವು, ಅದರ ರೋಗಗಳನ್ನೆಲ್ಲ ಒಂದೊಂದಾಗಿ ಹೇಳಿ.

ಅಂಥ ಭಾನುವಾರಗಳಲ್ಲಿ ಒಂದು ಮಧ್ಯಾಹ್ನ ನೆನಪಾಗುತ್ತದೆ. ಚಿತ್ರಾನ್ನ ತಿಂದು ಕೆರೆಯ ನಡುವಿಗೆ ಹೋಗಿದ್ದೆವು. ಗಾಳಿ ಪೂರ್ತಿ ಬಿದ್ದುಹೋಗಿತ್ತು. ಮೋಡಗಳು ನೀರಿನೊಳಗೆ ನಿಧಾನವಾಗಿ ನಮ್ಮ ಅಡಿಯಿಂದ ಹಾದುಹೋಗುತ್ತಿದ್ದವು. ಅಕ್ಕ ಸೆರಗು ಮುಖಕ್ಕೆಳೆದುಕೊಂಡು ಮಲಗಿದವಳು ಹಾಗೇ ನಿದ್ದೆಹೋದಳು. ನಾನು ಹುಟ್ಟು ಒಳಗಿಟ್ಟೆ. ಕಾಲಬಳಿ ನೀರು ಏರುತ್ತಿತ್ತು. ಪ್ಲಾಸ್ಟಿಕ್ ಮಗ್ಗಿನಲ್ಲಿ ಅದನ್ನು ಮೊಗೆದು, ಕೈ ನೀರಿಗೆ ತಾಗುವಷ್ಟು ಬಾಗಿ, ಸದ್ದಾಗದ ಹಾಗೆ ಹೊರಗೆ ಸುರಿಯುತ್ತ ಕೂತೆ. ಅವಳು ಏಳುವವರೆಗೂ.