ಡಬ್ಬಿಗೆ ಸವರಿದ ಬಣ್ಣ

ನಮ್ಮ ಆಪರೇಷನ್ ಥಿಯೇಟರಿನ ಹಿರಿಯ ನರ್ಸಿಗೆ ನಾವಿಟ್ಟ ಹೆಸರು ಅನುಮಾನದಕ್ಕ. ಕಟ್ಟಿಕೊಂಡ ಗಂಡ ಕೆಮ್ಮಿದರೂ "ಯಾರಿಗ್ರೀ ಸನ್ನೆ ಮಾಡಿದ್ದು?" ಎಂದು ಕೇಳುವ ಹೆಂಗಸು. ರೋಗಿಯ ರಕ್ತಕ್ಕೆ ಸೇರಿಸುವ ಹಸಿರು ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿಕೊಡುವುದು ಅವಳ ಕೆಲಸ. ರಕ್ತ ಹರಿದಲ್ಲೆಲ್ಲ ಆ ಬಣ್ಣ ಹೊಳೆಯುತ್ತದೆ. ಆದರೆ ಆ ಹೊಳಪು ಬರಿಗಣ್ಣಿಗೆ ಕಾಣದು, ಅದಕ್ಕೆಂದೇ ಇರುವ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ.

ಒಮ್ಮೆ ತನ್ನ ಊಟದ ಡಬ್ಬಿಗೆ ಯಾರೋ ಕೈ ಹಾಕುತ್ತಿದ್ದಾರೆಂಬ ಗುಮಾನಿ ಅವಳ ತಲೆಹೊಕ್ಕಿತು. ಬೆಳಿಗ್ಗೆ ಮಿಕ್ಕಿ, ಚೆಲ್ಲಬೇಕಿದ್ದ ಬಣ್ಣವನ್ನು ತೆಳ್ಳಗೆ ಮಾಡಿ ಗುಟ್ಟಾಗಿ ಮುಚ್ಚಳಕ್ಕೆ ಸವರಿಟ್ಟಳು. ಮಧ್ಯಾಹ್ನ ರೋಗಿಯನ್ನು ವಾರ್ಡಿಗೆ ಕಳಿಸಿದ್ದೇ ತಡ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ದೀಪ ಆರಿಸಿ, ಕ್ಯಾಮೆರಾ ಹಾಕಿದಳು.

"ಎಲ್ರೂ ಕೈ ಚಾಚಿ. ಕಳ್ಳರು ಯಾರು ಅಂತ ಈಗ ಗೊತ್ತಾಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕೈ ಚಾಚಿದೆ. ಕ್ಯಾಮೆರಾದ ಪರದೆಯ ಮೇಲೆ ನಮ್ಮೆಲ್ಲರ ಕೈಗಳೂ ಕಪ್ಪಗೇ ಇದ್ದವು. ನಂಬಿಕೆಯಾಗದೆ ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಲು ಬಂದಳು. ಆಗ ಪರದೆಯಲ್ಲಿ ಅವಳ ಹತ್ತು ಬೆರಳೂ ಝಗ್ಗೆಂದವು. ಬಗ್ಗಿದಾಗ ಮೂಗಿನ ತುದಿ, ಗಲ್ಲ, ಕಿವಿಯೂ ಹೊಳೆದವು. ಯಾರಾದರೂ ಮುಟ್ಟಿದರೋ ಎಂದು ಬೆಳಗಿನಿಂದ ಗಳಿಗೆಗೊಮ್ಮೆ ಹೋಗಿ ಆ ಮುಚ್ಚಳವನ್ನು ಮುಟ್ಟಿ ನೋಡಿದ್ದವಳು ಅವಳೇ!

"ಸಿಕ್ಕಿಬಿದ್ರಲ್ಲಕ್ಕಾ!" ಎಂದು ಅರಿವಳಿಕೆಯ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅನುಮಾನದಕ್ಕ ಪರದೆಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಈ ಕ್ಯಾಮೆರಾಕ್ಕೂ ನೀವೇ ಹೇಳ್ಕೊಟ್ಟಿದ್ದೀರಿ."