ಮೊಸರನ್ನ ತಿಂದ ಹದ್ದು

ನಮ್ಮ ಯಜಮಾನರ ಪ್ರಕಾರ ಪ್ರಾಣಿಗಳು ಇರಬೇಕಾದದ್ದು ಕ್ಯಾಲೆಂಡರಿನಲ್ಲಿ. ಇಲಿ, ನವಿಲು, ನಂದಿ ಎಲ್ಲವೂ ದೇವರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತು, ಕಚ್ಚದೆ, ಗಲೀಜು ಮಾಡದೆ ಇದ್ದರೆ ಅವರಿಗೆ ಬಹಳ ಪ್ರೀತಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಮಾತ್ರ ಕುರ್ಚಿ ಹತ್ತಿ ನನ್ನನ್ನು ಕೂಗುತ್ತಾರೆ.

ಅಂಥವರ ಹೆಂಡತಿಯಾದ ನಾನು, ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ, ತಬ್ಬಲಿ ಕಾಡುಪ್ರಾಣಿಗಳನ್ನು ಸಾಕಿ ಮತ್ತೆ ಹೊರಗೆ ಬಿಡುವ ಒಂದು ಕೇಂದ್ರಕ್ಕೆ ಹೋಗತೊಡಗಿದೆ. ಬಸವೇಶ್ವರನಗರದ ನಮ್ಮ ಮನೆಯಿಂದ ವಿಜಯನಗರಕ್ಕೆ ಆಟೋ, ಅಲ್ಲಿಂದ ಕೆಂಗೇರಿಗೆ ಮೆಟ್ರೋ. ಅಳಿಲು ಮರಿಗಳಿಗೆ ಸಿರಿಂಜಿನಲ್ಲಿ ಹಾಲು ಕುಡಿಸುವುದು, ಕೋತಿ ಮರಿಗಳಿಗೆ ಹಣ್ಣು ಹೆಚ್ಚುವುದು, ಬಾವಲಿ ಮರಿಗಳನ್ನು ಸುತ್ತಿಡುವ ಬಟ್ಟೆ ಒಗೆಯುವುದು ನನ್ನ ಪಾಲಿನ ಕೆಲಸ. ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ಇವರದ್ದು ಒಂದೇ ಮಾತು. "ಇಷ್ಟು ಸೇವೆ ನಂಗೆ ಮಾಡಿದ್ದಿದ್ರೆ ನಾನೂ ಮರ ಹತ್ತಿ ತೋರಿಸ್ತಿದ್ದೆ ಕಣೇ."

ಆ ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮರಿಗಳ ಜೊತೆ ಮಾತಾಡಬಾರದು, ಮುದ್ದು ಮಾಡಬಾರದು, ಹೆಸರಿಡಬಾರದು. ಮನುಷ್ಯರ ದನಿ ಕೇಳಿದರೆ ಊಟ ಬಂತು ಎಂದುಕೊಳ್ಳುವ ಪ್ರಾಣಿ ಹೊರಗೆ ಹೋದ ಮೇಲೂ ಯಾರ ದನಿ ಕೇಳಿದರೂ ಹತ್ತಿರ ಹೋಗುತ್ತದೆ, ಎಲ್ಲರ ಕೈಯಲ್ಲೂ ಊಟವೇ ಇರುವುದಿಲ್ಲ. ಪಾಠ ಹೇಳಿ ಹೇಳಿ ಬಾಯಿ ನಿಲ್ಲದ ನನಗೆ ಇದೊಂದು ಶಿಕ್ಷೆ. ಅಲ್ಲಿ ಉಳಿಸಿದ ಮಾತನ್ನೆಲ್ಲ ಮನೆಗೆ ಬಂದು ಇವರ ಮೇಲೆ ಸುರಿಯುತ್ತಿದ್ದೆ. ಯಾವ ಮರಿಗೆ ಏನು ಕೊಡಬೇಕು, ಯಾಕೆ ಮಾತಾಡಬಾರದು, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೆ. ಇವರು ಪೇಪರಿನ ಹಿಂದಿನಿಂದ ಹೂಂ ಹೂಂ ಅನ್ನುತ್ತಿದ್ದರು. ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ ಎಂದು ಗೊತ್ತಾದದ್ದು ಹೋದ ವರ್ಷದ ಬೇಸಿಗೆಯಲ್ಲಿ.

ಆಗ ತುಮಕೂರಿನಲ್ಲಿ ನನ್ನ ತಂಗಿಗೆ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಹೋದವಳು ಎರಡು ವಾರಕ್ಕೂ ಹೆಚ್ಚು ಅಲ್ಲೇ ಉಳಿದೆ. ಇವರು ದಿನಾ ಫೋನ್ ಮಾಡುತ್ತಿದ್ದರು. ಹಾಲು ಉಕ್ಕಿದರೂ ಯಾರಾದರೂ ಬಂದು ಒಲೆ ಆರಿಸಲಿ ಎಂದು ಕಾಯುವ ಮನುಷ್ಯ, ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು.

"ಪನೀರ್ ಎಲ್ಲಿ ಸಿಗತ್ತೆ?"

"ಯಾಕ್ರೀ?"

"ಬೆಳೆಯೋ ವಯಸ್ಸಲ್ಲಿ ಪ್ರೋಟೀನ್ ಬೇಕಂತೆ."

ಮೊಮ್ಮಕ್ಕಳನ್ನು ಕಂಡ ಮೇಲೆ ಇನ್ನೆಲ್ಲಿ ಬೆಳೆಯುತ್ತಾರೆ ಎಂದು ನಕ್ಕು, ಹಾಲಿನ ಬೂತಿನಲ್ಲಿ ಕೇಳಿ ಎಂದು ಹೇಳಿ ಫೋನಿಟ್ಟೆ. ಪಾಪ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದಾರಲ್ಲ ಎಂದು ಸಮಾಧಾನವೂ ಆಯಿತು.

ನಾನು ವಾಪಸು ಬಂದಾಗ ನಮ್ಮ ಒಗೆಯುವ ಬಟ್ಟೆಯ ಪ್ಲಾಸ್ಟಿಕ್ ಬುಟ್ಟಿ ದೇವರ ಕೋಣೆಯ ಪಕ್ಕದ ಕತ್ತಲೆ ಮೂಲೆಯಲ್ಲಿತ್ತು. ಒಳಗೆ ಇವರ ಜರಿ ಪಂಚೆ ಹಾಸಿತ್ತು. ಪಂಚೆಯ ಮೇಲೆ ಒಂದು ಹದ್ದಿನ ಮರಿ ಕೂತಿತ್ತು. ಅದರ ಕೊಕ್ಕಿನ ತುದಿಗೆ ಅನ್ನದ ಅಗುಳು ಅಂಟಿತ್ತು.

ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಸಿಲ್ವರ್ ಓಕ್ ಮರ ಕಡಿದಿದ್ದರಂತೆ. ಗೂಡು ಮರಿಯ ಸಮೇತ ನಮ್ಮ ಕಾಂಪೌಂಡಿನೊಳಗೆ ಬಿದ್ದಿತಂತೆ. ತಾಯಿ ಹದ್ದು ಒಂದೆರಡು ದಿನ ಮೇಲೆ ಸುತ್ತಿ, ಆಮೇಲೆ ಬರುವುದನ್ನೇ ಬಿಟ್ಟಿತಂತೆ.

"ಶನಿವಾರ ಕಣೇ! ಪೂಜೆ ಮುಗಿಸಿ ತೀರ್ಥ ತಗೊಂಡು ಹೊರಗ್ ಬರ್ತೀನಿ, ಗೇಟ್ ಹತ್ರ ಗರುಡ! ವೆಂಕಟರಮಣ ತಾನೇ ಕಳ್ಸಿದಾನೆ."

"ರೀ, ಇದು ಗರುಡ ಅಲ್ಲ. ಹದ್ದು."

"ಎಲ್ಲ ಒಂದೇ ಮನೆತನ. ನೋಡ್ತಿರು ಈಗ."

ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ತಮ್ಮ ನಿತ್ಯದ ಸ್ತೋತ್ರವನ್ನು ರಾಗವಾಗಿ ಶುರುಮಾಡಿದರು. ಎರಡನೆಯ ಸಾಲಿಗೆ ಮರಿ ಕತ್ತು ಎತ್ತಿತು. ಮೂರನೆಯ ಸಾಲಿಗೆ ಬಾಯಿ ತೆರೆದು ಕಿರ್ರೋ ಎಂದು ಕಿರುಚಿತು. ಇವರು ಮೊಸರನ್ನದ ಪುಟ್ಟ ಉಂಡೆಯೊಂದನ್ನು ಅದರ ಬಾಯಿಗಿಟ್ಟು, ಕಛೇರಿ ಮುಗಿಸಿದ ವಿದ್ವಾಂಸರ ಹಾಗೆ ನನ್ನ ಕಡೆ ನೋಡಿದರು. ದೇವರಿಗೆ ನೈವೇದ್ಯವಾಗದೆ ಒಂದು ಅಗುಳೂ ಕೊಟ್ಟಿಲ್ಲವಂತೆ. ಶನಿವಾರ ಇವರ ಜೊತೆ ಅದಕ್ಕೂ ಒಪ್ಪೊತ್ತು. ಏಕಾದಶಿಯ ದಿನ ಅನ್ನ ಬೇಡವೆಂದು ಅವಲಕ್ಕಿ ನೆನೆಸಿ ಕೊಟ್ಟಿದ್ದರು. ಬೆಕ್ಕಿನ ಭಯಕ್ಕೆ ಬಿಸಿಲಿಗೂ ತಂದಿರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪಂಚೆಯ ಅಂಚು ಸರಿಸಿ ನೋಡಿದೆ. ಮರಿಯ ಕಾಲುಗಳು ಸೊಟ್ಟಗಾಗಿದ್ದವು. ಎಡ ರೆಕ್ಕೆ ಜೋತುಬಿದ್ದಿತ್ತು. ನಗು ಅಲ್ಲಿಗೇ ನಿಂತು ಮೈಯೆಲ್ಲ ಉರಿಯಿತು. ಬೀದಿಗೆಲ್ಲ ಬುದ್ಧಿ ಹೇಳಿಕೊಂಡು ಓಡಾಡುವವಳ ಮನೆಯಲ್ಲೇ ಹೀಗಾಗಬೇಕೇ!

"ಒಂದು ಫೋನ್ ಮಾಡಕ್ಕೇನಾಗಿತ್ತು ನಿಮಗೆ? ದಿನಾ ಮಾತಾಡ್ತಿದ್ರಲ್ಲ!"

"ನೀನು ಬಂದಾಗ ತೋರ್ಸೋಣ ಅಂತಿದ್ದೆ," ಅಂದರು. "ನಂಗೂ ಬರತ್ತೆ ಅಂತ."

ಬುಟ್ಟಿ ಎತ್ತಿಕೊಂಡು ಆಟೋ ಕರೆದೆ.

ಕೇಂದ್ರದ ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು. ಮರಿಯ ಎಕ್ಸ್‌ರೇ ತೆಗೆದು, ಏನು ಕೊಟ್ಟಿರಿ ಅಂಕಲ್ ಎಂದು ಕೇಳಿದರು. ಇವರು ಮೊಸರನ್ನ, ಪನೀರು, ಅವಲಕ್ಕಿ, ಎಲ್ಲವನ್ನೂ ಮದುವೆ ಮನೆಯ ಊಟದ ಹಾಗೆ ವರ್ಣಿಸಿದರು. ಡಾಕ್ಟರಮ್ಮ ಒಂದು ಸಲವೂ ನಗಲಿಲ್ಲ.

"ಮೂಳೆ ಮೆತ್ತಗಾಗಿದೆ ಅಂಕಲ್. ಇವು ಬೇಟೇನ ಮೂಳೆ ಸಮೇತ ತಿನ್ಬೇಕು, ಬಿಸಿಲಲ್ಲಿ ಇರ್ಬೇಕು. ಅನ್ನ ತಿಂದ್ರೆ ಹೊಟ್ಟೆ ತುಂಬತ್ತೆ, ಮೂಳೆ ಬೆಳೆಯಲ್ಲ. ರೆಕ್ಕೆ ಮೂಳೆ ಬಗ್ಗಿದೆ ನೋಡಿ. ಇನ್ನೂ ಮರಿ ಅಲ್ವಾ, ಸರಿ ಹೋದ್ರೂ ಹೋಗ್ಬಹುದು."

"ಹೋಗ್ದಿದ್ರೆ?"

"ಹಾರಲ್ಲ. ಸಾಯೋ ತನಕ ಬೋನಲ್ಲೇ ಇರ್ಬೇಕು."

ವಾಪಸು ಬರುವಾಗ ಇವರು ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ಕೂತರು. ವಿಜಯನಗರ ಬಂದರೂ ಏಳಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕೂತಾಗ ಮೆಲ್ಲಗೆ ಕೇಳಿದರು. "ಪ್ರಸಾದ ಕಣೇ ಅದು. ಪ್ರಸಾದ ತಿಂದು ಯಾರಿಗಾದ್ರೂ ಮೂಳೆ ಬಗ್ಗತ್ತಾ?" ದಾರಿಯುದ್ದಕ್ಕೂ ನಾನು ಒಂದು ಒಳ್ಳೆಯ ಮಂಗಳಾರತಿ ಸಿದ್ಧಮಾಡಿಕೊಂಡಿದ್ದೆ. ಅವರ ಮುಖ ನೋಡಿ ಅದನ್ನು ನುಂಗಿಕೊಂಡೆ.

ಮಾರನೆಯ ದಿನ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಪಾತ್ರೆ ತೊಳೆಯಬಹುದು, ಗಿಡಕ್ಕೆ ನೀರು ಹಾಕಬಹುದು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ತನ್ನ ಹದ್ದಿಗೆ ಬೇಕಾದ ಮಾಂಸವನ್ನು ತಾನೇ ಕತ್ತರಿಸಬೇಕಂತೆ. ಮೊಟ್ಟೆ ಹಾಕಿದ್ದಾರೆಂದು ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನೂ ಮುಟ್ಟದ ಮನುಷ್ಯ! ಎರಡೆರಡು ಗ್ಲೌಸು ಹಾಕಿ, ಮೂಗಿಗೆ ಟವೆಲು ಕಟ್ಟಿ, ಕಣ್ಣು ಅರೆ ಮುಚ್ಚಿಕೊಂಡು ಕತ್ತಿ ಆಡಿಸುತ್ತಿದ್ದರು.

"ಕಣ್ಣು ಬಿಟ್ಕೊಂಡು ಹೆಚ್ರಿ. ನಿಮ್ಮ ಬೆರಳೂ ಮೂಳೆ ಸಮೇತ ಹೋಗತ್ತೆ," ಎಂದೆ.

ಒಂದು ದಿನ ಕೇಂದ್ರಕ್ಕೆ ಮಾಂಸ ಬರುವುದು ತಡವಾಯಿತು. ನಾನೇ ತರುತ್ತೇನೆಂದು ಹೊರಟರು. ಜೊತೆಗೆ ನಾನೂ ಹೋದೆ, ಇಂಥ ದೃಶ್ಯ ಮತ್ತೆ ಸಿಗುವುದಿಲ್ಲವಲ್ಲ. ಕೆಂಗೇರಿಯಲ್ಲಿ ಇವರ ಗುರುತಿನವರು ಒಬ್ಬರೂ ಇಲ್ಲ, ಆದರೂ ಆ ಉರಿಬಿಸಿಲಿನಲ್ಲಿ ಮಂಕಿ ಕ್ಯಾಪು ಎಳೆದುಕೊಂಡಿದ್ದರು. ಕೋಳಿ ಅಂಗಡಿಯ ಮುಂದೆ ಎರಡು ಸಲ ದಾಟಿಹೋಗಿ, ಮೂರನೆಯ ಸಲ ನಿಂತರು.

"ಮೂಳೆ ಸಮೇತ ಕೊಡಪ್ಪ. ನಮಗಲ್ಲ, ಹದ್ದಿಗೆ."

ಅಂಗಡಿಯವನು ತಲೆ ಎತ್ತದೆ ಹೇಳಿದ. "ಬರೋರೆಲ್ಲ ನಾಯಿಗೆ ಅಂತಾರೆ ಸಾರ್. ಹದ್ದಿಗೆ ಅಂದೋರು ನೀವೇ ಫಸ್ಟು."

ಸಂಜೆ ಮನೆಗೆ ಬಂದರೆ ಒಳಗೆ ಕಾಲಿಡುತ್ತಿರಲಿಲ್ಲ. ಕಾಂಪೌಂಡಿನ ನಲ್ಲಿಯ ಕೆಳಗೆ ಕೂತು, ತಲೆ ಮೇಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಬಚ್ಚಲಿಗೆ ಓಡುತ್ತಿದ್ದರು. ನಮ್ಮ ಕಡೆ ಹೊರಗೆ ಸ್ನಾನ ಮಾಡಿ ಒಳಗೆ ಬರುವುದು ಸಾವಿನ ಮನೆಗೆ ಹೋಗಿಬಂದವರು. ನಾಲ್ಕು ದಿನ ನೋಡಿದ ಎದುರು ಮನೆಯಾಕೆ ತಡೆಯಲಾರದೆ ಬಂದು, "ಯಾರು ಆಂಟಿ ಹೋಗಿದ್ದು?" ಎಂದು ಪಿಸುಗುಟ್ಟಿದಳು. ಒಂದು ಕೋಳಿ ಎಂದೆ. ಆಕೆ ಇವತ್ತಿಗೂ ನನ್ನನ್ನು ಒಂದು ಥರ ನೋಡುತ್ತಾಳೆ.

ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಮರಿಯ ಮೂಳೆ ಗಟ್ಟಿಯಾಯಿತು. ರೆಕ್ಕೆ ಬೇರೆ ಹದ್ದುಗಳ ರೆಕ್ಕೆಯ ಹಾಗೇ ನೆಟ್ಟಗಾಯಿತು. ಗಾಳಿಪಟದ ದಾರಕ್ಕೆ ಸಿಕ್ಕಿ ಗಾಯಗೊಂಡು ಬಂದಿದ್ದ ದೊಡ್ಡ ಹದ್ದುಗಳ ಜೊತೆ, ಬಲೆ ಕಟ್ಟಿದ ಉದ್ದನೆಯ ಆವರಣದಲ್ಲಿ ಅದನ್ನು ಬಿಟ್ಟರು. ಈ ತುದಿಯಿಂದ ಆ ತುದಿಗೆ ಹಾರುವುದನ್ನು ನಾವು ಪರದೆಯ ಹಿಂದಿನಿಂದ ನೋಡಿದೆವು. ಇವರಿಗೆ ಆದ ಖುಷಿ ನಮ್ಮ ಮಗಳಿಗೆ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ. ಅದನ್ನು ಅವರಿಗೆ ಹೇಳಿಯೂ ಹೇಳಿದೆ.

ಆ ಖುಷಿಯಲ್ಲೇ ಎಡವಟ್ಟಾಯಿತು. ಒಂದು ಬೆಳಗ್ಗೆ ಪರದೆಯ ಈಚೆ ಬಟ್ಟಲಿಗೆ ಮಾಂಸ ಹಾಕುತ್ತಾ, ತಮಗೇ ಗೊತ್ತಿಲ್ಲದೆ ಸ್ತೋತ್ರ ಗುನುಗಿದರು. ನಮ್ಮ ಹದ್ದು ಕೂತಿದ್ದ ಕೊಂಬೆಯಿಂದ ನೇರವಾಗಿ ಬಲೆಗೆ ಬಂದು ಬಿತ್ತು. ಬೆಳೆದ ಹಕ್ಕಿ, ಗೂಡಿನ ಮರಿಯ ಹಾಗೆ ರೆಕ್ಕೆ ನಡುಗಿಸುತ್ತಾ, ಬಾಯಿ ತೆರೆದು ಕಿರುಚತೊಡಗಿತು. ಬೇರೆ ಹದ್ದುಗಳೆಲ್ಲ ಹೆದರಿ ಆಚೆ ತುದಿಗೆ ಹೋದವು.

"ನೋಡಮ್ಮಾ, ಗುರುತು ಹಿಡೀತು!" ಇವರ ಕಣ್ಣಲ್ಲಿ ನೀರೇ ಬಂದಿತ್ತು.

ಡಾಕ್ಟರಮ್ಮನ ಮುಖ ಸಪ್ಪಗಾಯಿತು. "ರೆಕ್ಕೆ ಸರಿ ಹೋಗಿದೆ ಅಂಕಲ್. ಆದ್ರೆ ಹಿಂಗೇ ಮಾಡಿದ್ರೆ ಬಿಡಕ್ಕಾಗಲ್ಲ. ಯಾರೋ ಟೆರೇಸ್ ಮೇಲೆ ಮಾತಾಡ್ತಿದ್ರೆ ಹೋಗಿ ಅವ್ರ ಮುಂದೆ ಬಾಯಿ ಬಿಟ್ಕೊಂಡು ನಿಂತ್ಕೊಳತ್ತೆ. ಕಲ್ಲಲ್ಲಿ ಹೊಡೀತಾರೆ. ನಿಮ್ಮ ದನಿ ಅದು ಮರೀಬೇಕು."

ಮೊಸರನ್ನದಿಂದಾದ ತಪ್ಪನ್ನು ಕೋಳಿ ಕತ್ತರಿಸಿ ಸರಿಮಾಡಬಹುದಿತ್ತು. ಇದನ್ನು ಸರಿಮಾಡಲು ಅವರು ಮಾಡಬಹುದಾದ ಕೆಲಸವೇ ಇರಲಿಲ್ಲ, ಸುಮ್ಮನಿರುವುದನ್ನು ಬಿಟ್ಟು. ಆವರಣದ ಹತ್ತಿರ ಹೋಗುವುದನ್ನು ಅಂದೇ ನಿಲ್ಲಿಸಿದರು. ದೂರದ ಶೆಡ್ಡಿನಲ್ಲಿ ಕೂತು ಮಾಂಸ ಕತ್ತರಿಸುತ್ತಿದ್ದರು. ಆದರೆ ಕೈ ಆಡಿದರೆ ಬಾಯಲ್ಲಿ ಸ್ತೋತ್ರ ಬರುವುದು ಚಿಕ್ಕಂದಿನ ಅಭ್ಯಾಸ. ಅದಕ್ಕೆ ಅಡಿಕೆ ಚೂರೊಂದನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದುಕೊಳ್ಳುತ್ತಿದ್ದರು. ಬಾಯಿ ಮುಚ್ಚಿಕೊಂಡ ಗಂಡ ಇಷ್ಟು ವರ್ಷದ ಮೇಲೆ ಸಿಕ್ಕಿದ್ದಾರೆಂದು ನಾನು ರೇಗಿಸಿದೆ. ಅವರು ನಕ್ಕರು, ಆದರೆ ಪರದೆಯ ಆಚೆಯಿಂದ ಹದ್ದು ಕೂಗಿದಾಗಲೆಲ್ಲ ಕತ್ತಿ ಹಿಡಿದ ಕೈ ನಿಲ್ಲುವುದು ನನಗೆ ಕಾಣುತ್ತಿತ್ತು. ರೇಗಿಸುವುದು ಕಡಿಮೆ ಮಾಡಿದೆ.

ಮಳೆಗಾಲ ಕಳೆದ ಮೇಲೆ ಅದನ್ನು ಬಿಡುವ ದಿನ ಬಂತು. ಕೆಂಗೇರಿಯ ಆಚೆ ಒಂದು ಕೆರೆಯ ಪಕ್ಕದ ಬಯಲಿನಲ್ಲಿ ಹದ್ದುಗಳು ಸದಾ ಸುತ್ತುತ್ತಿರುತ್ತವೆ, ಅಲ್ಲಿಗೆ ಹೋದೆವು. ಇವರೂ ಬರಲಿ ಎಂದು ಡಾಕ್ಟರಮ್ಮನೇ ಕರೆದಿದ್ದರು, ಒಂದು ಷರತ್ತಿನ ಮೇಲೆ. "ವ್ಯಾನ್ ಹಿಂದೆ ನಿಂತ್ಕೊಳಿ ಅಂಕಲ್. ಒಂದು ಮಾತೂ ಬೇಡ. ಇವತ್ತು ಜನರ ಹತ್ರ ವಾಪಸ್ ಬಂತು ಅಂದ್ರೆ ಮತ್ತೆ ಬಿಡಲ್ಲ, ಬೋನೇ ಗತಿ."

ಪೆಟ್ಟಿಗೆಯ ಮುಚ್ಚಳ ತೆಗೆದರು. ಹದ್ದು ಹೊರಗೆ ಹಾರಿ, ಹತ್ತಿರದಲ್ಲೇ ಇದ್ದ ಒಂದು ಬೇಲಿಗೂಟದ ಮೇಲೆ ಕೂತಿತು. ಆಚೆ ಈಚೆ ನೋಡಿತು. ಎಲ್ಲಿಂದಲೋ ಒಂದು ಕಾಗೆ ಬಂದು ಅದರ ಬಾಲಕ್ಕೆ ಕುಕ್ಕಿತು. ಹದ್ದು ತಿರುಗಿ ಓಡಿಸಲೂ ಇಲ್ಲ, ಹಾರಲೂ ಇಲ್ಲ. ವ್ಯಾನಿನ ಕಡೆ ಕತ್ತು ಹೊರಳಿಸಿ, ನಮ್ಮ ಬಟ್ಟೆ ಬುಟ್ಟಿಯಲ್ಲಿ ಕಿರುಚಿದ ಹಾಗೇ ಕಿರುಚಿತು.

ಇವರು ನನ್ನ ಮುಂಗೈಯನ್ನು ಬಳೆ ಒತ್ತುವ ಹಾಗೆ ಹಿಡಿದರು. ಕಾಗೆ ಮತ್ತೆ ಕುಕ್ಕಿತು, ಹದ್ದು ಮತ್ತೆ ಕೂಗಿತು. ಸ್ತೋತ್ರದ ಒಂದು ಸಾಲು ಸಾಕಿತ್ತು, ಬಂದು ಕಾಲ ಬಳಿ ಕೂರುತ್ತಿತ್ತು. ಕಾಗೆಯಿಂದ ಬಚಾವಾಗುತ್ತಿತ್ತು, ಬದುಕಿರುವಷ್ಟು ದಿನ ಬೋನಿನಲ್ಲಿ ಇವರನ್ನು ನೋಡಿ ಬಾಯಿ ತೆರೆಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಅವರ ತುಟಿ ಬಿಗಿದೇ ಇತ್ತು. ಇವರ ಬಗ್ಗೆ ನನಗೆ ಅಷ್ಟು ಹೆಮ್ಮೆ ಅನ್ನಿಸಿದ್ದು ಅದೇ ಮೊದಲು.

ಮೂರನೆಯ ಸಲ ಕಾಗೆ ಎರಗಿದಾಗ ಹದ್ದು ಗೂಟ ಬಿಟ್ಟು ಎದ್ದಿತು. ಮೊದಲು ನೆಲಕ್ಕೆ ಬೀಳುವ ಹಾಗೆ ವಾಲಿತು. ಆಮೇಲೆ ಗಾಳಿ ಸಿಕ್ಕಿತು. ಕೆರೆಯ ಮೇಲೆ ಒಂದು ಸುತ್ತು ಹಾಕಿ, ಇನ್ನೊಂದು ಸುತ್ತಿಗೆ ಇನ್ನಷ್ಟು ಮೇಲೆ ಹೋಗಿ, ಅಲ್ಲಿ ತಿರುಗುತ್ತಿದ್ದ ಹದ್ದುಗಳ ನಡುವೆ ಸೇರಿಕೊಂಡಿತು.

ನಾವಿಬ್ಬರೂ ಕತ್ತು ನೋಯುವ ತನಕ ನೋಡಿದೆವು. ಡಾಕ್ಟರಮ್ಮ ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿ, ಇನ್ನು ಮಾತಾಡಬಹುದು ಅಂಕಲ್ ಎಂದರು. ಆದರೂ ಇವರು ನನ್ನ ಕಿವಿಯ ಹತ್ತಿರ ಬಂದು ಪಿಸುಮಾತಿನಲ್ಲೇ ಕೇಳಿದರು.

"ಅದ್ರಲ್ಲಿ ನಮ್ದು ಯಾವ್ದು ಕಣೇ?"

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಎಲ್ಲವೂ ಒಂದೇ ಥರ ಇದ್ದವು. ಯಾವುದಾದರೂ ಒಂದನ್ನು ತೋರಿಸಿದ್ದರೂ ನಂಬುತ್ತಿದ್ದರು.

"ಯಾವ್ದೂ ಅಲ್ಲ ರೀ," ಎಂದೆ.

ಅವರು ನನ್ನ ಕೈ ಬಿಟ್ಟು, ಮೇಲೆ ಸುತ್ತುತ್ತಿದ್ದ ಅಷ್ಟೂ ಹದ್ದುಗಳಿಗೆ ಕೈ ಮುಗಿದರು.