ನಾನು ನಾನೇ ಎಂದು ಯಂತ್ರ ಒಪ್ಪದ ಬೆಳಗು

ಮನೆಯಿಂದ ಹೊರಟು ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ವಾರಕ್ಕೆ ಎರಡು ಸಲವಾದರೂ ಹಿಂದಕ್ಕೆ ಹೋಗಿ ನೋಡಿ ಬರುವ ಮನುಷ್ಯ ನಾನು. ಬೀಗ ಹಾಕಿಯೇ ಇರುತ್ತದೆ. ಸಮಾಧಾನವಾಗುವ ಬದಲು, ಅದನ್ನು ಹಾಕಿದವನು ನಾನೇ ಹೌದೋ ಎಂಬ ಹೊಸ ಅನುಮಾನ ಶುರುವಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದರ ಫಲ. ಇದಕ್ಕೆ ಸರ್ಕಾರ ವಿದ್ಯಾರ್ಥಿವೇತನ ಬೇರೆ ಕೊಟ್ಟಿತ್ತು.

ನಮ್ಮ ಹಳೆಯ ತರ್ಕಪಂಡಿತರಾದ ನೈಯಾಯಿಕರು ನೆನಪನ್ನು ಪ್ರಮಾಣಗಳ ಸಾಲಿಗೆ ಸೇರಿಸಲಿಲ್ಲ. ಕಂಡದ್ದನ್ನೂ ಊಹಿಸಿದ್ದನ್ನೂ ಒಳಗೆ ಕರೆದು ಮಣೆ ಹಾಕಿದರು. ಸ್ಮೃತಿಯನ್ನು ಮಾತ್ರ ಜಗಲಿಯ ಮೇಲೆಯೇ ಕೂರಿಸಿದರು. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಮರೆವಿಗೆ ಶಾಸ್ತ್ರದ ಬೆಂಬಲ ಸಿಕ್ಕಿತ್ತಲ್ಲ! ಆದರೆ ಪಾಸ್‌ವರ್ಡ್ ಕೇಳುವ ಯಂತ್ರದ ಮುಂದೆ ಈ ವಾದ ನಡೆಯುವುದಿಲ್ಲ. ನೀವು ಇಷ್ಟು ವರ್ಷ ಬದುಕಿರುವುದು, ಈಗ ಅದರ ಮುಂದೆಯೇ ಕನ್ನಡಕ ಒರೆಸುತ್ತ ಕೂತಿರುವುದು, ಇವು ಯಾವುವೂ ಅದಕ್ಕೆ ಸಾಕ್ಷಿಯಲ್ಲ.

ತರ್ಕ ಓದಿದವನಿಗೆ ತರ್ಕದ ಕೆಲಸ ಯಾರೂ ಕೊಡದ ಕಾರಣ, ರೇಷ್ಮೆ ಸೀರೆಗಳಿಗೆ ವಿನ್ಯಾಸ ಬರೆದುಕೊಡುವ ಒಂದು ಸಣ್ಣ ಕಚೇರಿಯಲ್ಲಿದ್ದೇನೆ. ಕಚೇರಿ ಚಳ್ಳಕೆರೆಯಲ್ಲಿ, ನೇಯುವವರು ಮೊಳಕಾಲ್ಮೂರಿನಲ್ಲಿ. ವಾರದಲ್ಲಿ ಕೆಲವು ದಿನ ನಾನು ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಕೂತು, ನನ್ನ ಲ್ಯಾಪ್‌ಟಾಪಿನಿಂದಲೇ ಚಳ್ಳಕೆರೆಯ ಕಂಪ್ಯೂಟರಿನೊಳಗೆ ಹೊಕ್ಕು ಕೆಲಸ ಮಾಡುತ್ತೇನೆ. ಹೀಗೆ ಹೊಗಲೆಂದೇ ಆ ಕಂಪ್ಯೂಟರನ್ನು ಹಗಲೂ ರಾತ್ರಿ ಆರಿಸದೆ ಬಿಟ್ಟಿರುತ್ತೇವೆ.

ಮೊನ್ನೆ ಬೆಳಿಗ್ಗೆ ಪದ್ಮಕ್ಕನ ಮನೆಯಲ್ಲಿದ್ದೆ. ಮದುವೆಯ ಸೀರೆಯೊಂದು ಅವರ ಮಗ್ಗದ ಮೇಲಿತ್ತು. ಒಡಲು ಮುಗಿದಿತ್ತು, ಸೆರಗು ಬಾಕಿ. ಹುಡುಗಿಯ ಕಡೆಯವರು ಕೊನೆಯ ಗಳಿಗೆಯಲ್ಲಿ ಸೆರಗಿನ ನವಿಲುಗಳು ಎದುರುಬದುರು ಇರಲಿ ಎಂದಿದ್ದರು. ತಿದ್ದಿದ ನಕ್ಷೆ ಚಳ್ಳಕೆರೆಯ ಕಂಪ್ಯೂಟರಿನಲ್ಲಿತ್ತು. ಅದು ಬಂದರೆ ಪಕ್ಕದ ಬೀದಿಯವರು ರಟ್ಟಿಗೆ ತೂತು ಹೊಡೆದು ಕೊಡುತ್ತಾರೆ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ಆ ರಟ್ಟುಗಳು ಅದರ ತಲೆಯ ಮೇಲೇರಿದರೆ ಸೆರಗು ಶುರು. ಅಂದು ಶುರುವಾಗದಿದ್ದರೆ ಮುಹೂರ್ತಕ್ಕೆ ಸೀರೆ ಇಲ್ಲ; ಮದುವೆಯವರು ಅಂಗಡಿಯಲ್ಲಿ ಬೇರೆ ಸೀರೆ ತೆಗೆದುಕೊಳ್ಳುತ್ತಾರೆ. ಪದ್ಮಕ್ಕನ ಇಷ್ಟು ದಿನದ ಕೆಲಸ ಗೂಟಕ್ಕೆ ತೂಗುಬೀಳುತ್ತದೆ.

ಪಾಸ್‌ವರ್ಡ್ ಒತ್ತಿದೆ. ಗುರುತು ದೃಢಪಡಿಸುವಲ್ಲಿ ದೋಷ ಎಂದಿತು. ಕೆಳಗೆ ಇನ್ನೇನೋ ಸಣ್ಣ ಅಕ್ಷರದಲ್ಲಿತ್ತು. ಓದಿದವರು ಸಣ್ಣ ಅಕ್ಷರ ಓದುವುದಿಲ್ಲವಾದ್ದರಿಂದ ಬಿಟ್ಟೆ. ಮತ್ತೆ ಒತ್ತಿದೆ. ಅದೇ ದೋಷ. ಕಳೆದ ತಿಂಗಳು ಬದಲಿಸಿದ್ದೆನೆ? ಬದಲಿಸಬೇಕು ಅಂದುಕೊಂಡು ಬಿಟ್ಟಿದ್ದೆನೆ? ಅಂದುಕೊಂಡಿದ್ದೇ ಕನಸಿರಬಹುದೆ? ಪಾಸ್‌ವರ್ಡಿನ ಕೊನೆಯಲ್ಲಿದ್ದ ಒಂದು ಎಂಬ ಅಂಕಿಯನ್ನು ತೆಗೆದೆ, ಮತ್ತೆ ಸೇರಿಸಿದೆ, ಅದರ ಬದಲು ಎರಡು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಬಳಿ ಆರು ಪಾಸ್‌ವರ್ಡುಗಳಿದ್ದವು. ಆರಕ್ಕೂ ಸಮಾನ ಗೌರವ.

ಪದ್ಮಕ್ಕ ನೋಡುವಷ್ಟು ನೋಡಿದರು. "ಎಲ್ಲಾದಕ್ಕೂ 'ಅದು ನಿಜಾನಾ, ನಿಂಗೆಂಗೊತ್ತು' ಅಂತ ಕೇಳ್ತಿದ್ರಲ್ಲ ಸಾರ್, ಈಗ ನಿಮ್ಮನ್ನ ಕೇಳೋದು ಒಂದು ಸಿಕ್ತು ನೋಡ್ರಿ" ಎಂದರು. ನಗುತ್ತಲೇ ಅಂದರು, ಆದರೆ ಕೈ ಮಾತ್ರ ನಿಂತ ಮಗ್ಗದ ಮೇಲೆಯೇ ಇತ್ತು.

ಬಸ್ಸು ಹಿಡಿದು ಚಳ್ಳಕೆರೆಗೆ ಹೋಗಿಬಂದರೆ ಆ ದಿನ ಹೋದಂತೆಯೇ. ಬೇರೆ ದಾರಿ ಕಾಣದೆ ಕಚೇರಿಗೆ ಫೋನ್ ಮಾಡಿದೆ. ಎತ್ತಿದವರು ನಮ್ಮ ಅಟೆಂಡರ್ ತಿಪ್ಪೇಸ್ವಾಮಣ್ಣ. ಕೊಂಡ್ಲಹಳ್ಳಿಯವರು, ಮಗ್ಗದ ಮನೆಯಲ್ಲೇ ಬೆಳೆದವರು, ನಿವೃತ್ತಿಗೆ ಹತ್ತಿರವಿದ್ದಾರೆ. ಕಂಪ್ಯೂಟರ್ ಮುಂದೆ ಕೂತು ನಾನು ಹೇಳಿದ್ದನ್ನು ಒತ್ತಿ ಎಂದೆ. ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿನಲ್ಲಿ ಕೂಗಲೇಬೇಕಿತ್ತು.

"ಯಾರನ್ನೂ ನಂಬಬೇಡ!" ಎಂದು ಕೂಗಿದೆ.

"ಸರಿ ಸಾರ್, ನಂಬಲ್ಲ. ಪಾಸ್‌ವರ್ಡ್ ಹೇಳ್ರಿ."

"ಅದೇ ಪಾಸ್‌ವರ್ಡ್, ತಿಪ್ಪೇಸ್ವಾಮಣ್ಣ."

"ಅಯ್ಯೋ ಶಿವನೇ" ಎಂದರು ಅವರು. ಯೌವನದ ಸೊಕ್ಕಿನಲ್ಲಿ ಇಟ್ಟುಕೊಂಡ ಆ ಘೋಷಣೆಯನ್ನು ಇಂಗ್ಲಿಷಿನ ಒಂದೊಂದೇ ಅಕ್ಷರವಾಗಿ, ಕೊನೆಯ ಅಂಕಿ ಒಂದರ ಸಮೇತ ಕೂಗಿದೆ. ಎಡಮನೆಯ ಮಗ್ಗ ನಿಂತಿತು, ಬಲಮನೆಯದೂ ನಿಂತಿತು. ಇಡೀ ಬೀದಿ ಕಿವಿಗೊಟ್ಟಿತು.

"ತೆರೀತು ಸಾರ್" ಎಂದರು ತಿಪ್ಪೇಸ್ವಾಮಣ್ಣ. ಮೊದಲ ಸಲಕ್ಕೇ! ಅಂದರೆ ನಾನು ಮೊದಲು ಒತ್ತಿದ್ದೇ ಸರಿ. ಹಾಗಾದರೆ ನನ್ನನ್ನು ಏಕೆ ಹೊರಗಿಟ್ಟಿತು? ಆಗ ತಿಪ್ಪೇಸ್ವಾಮಣ್ಣ, "ಅಲ್ಲ ಸಾರ್, ಇದರಾಗೆ ಎಂಥದೋ ಹಳೇ ಕಾಲದ ತಾರೀಖು ತೋರುಸ್ತೈತೆ. ಆವಾಗ ನಮ್ಮ ಹುಡುಗಿ ಇನ್ನೂ ಹುಟ್ಟಿರಲಿಲ್ಲ" ಎಂದರು.

"ಯಾರಾದರೂ ಆರಿಸಿದ್ದರಾ?"

"ನಾನೇ ಸಾರ್. ನಿನ್ನೆ ಅಮಾಸೆ ಅಲ್ವಾ? ಅಮಾಸೆಗೆ ಮಗ್ಗಾನೇ ನಿಲ್ಲುಸ್ತೀವಿ. ಇದೂ ಸೀರೆ ಕೆಲ್ಸಾನೇ ಮಾಡ್ತೈತೆ, ಪಾಪ, ಇಷ್ಟು ವರ್ಷದಾಗೆ ಒಂದಿನಾನೂ ರಜ ಬ್ಯಾಡ್ವಾ? ವೈರ್ ಕಿತ್ತು, ಒರೆಸಿ, ಕುಂಕುಮ ಇಟ್ಟು, ಇವತ್ತು ಬೆಳಿಗ್ಗೆ ಮತ್ತೆ ಹಚ್ಚಿದೆ."

ಕಂಪ್ಯೂಟರಿನ ಹೊಟ್ಟೆಯೊಳಗೆ ಅಂಗಿಯ ಗುಂಡಿಯಷ್ಟು ಅಗಲದ ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ತಾರೀಖು ಕಾಯುವುದು ಅದೇ. ನಮ್ಮದು ಎಂದೋ ಸತ್ತಿತ್ತು. ಯಂತ್ರವನ್ನು ಎಂದೂ ಆರಿಸದ ಕಾರಣ ಸಾವಿನ ಸುದ್ದಿ ಹೊರಬಿದ್ದಿರಲಿಲ್ಲ. ರಜೆ ಮುಗಿಸಿ ಎದ್ದ ಯಂತ್ರ ಹಳೆಯ ಯಾವುದೋ ವರ್ಷದಲ್ಲಿ ಕಣ್ಣು ಬಿಟ್ಟಿದೆ. ಎರಡು ಕಡೆಯ ಗಡಿಯಾರಗಳು ಹೊಂದದಿದ್ದರೆ ದೂರದಿಂದ ಬಂದವರನ್ನು ಅದು ಒಳಗೆ ಬಿಡುವುದಿಲ್ಲ. ಎದುರಿಗೆ ಕೂತು ಒತ್ತಿದರೆ ಬಿಡುತ್ತದೆ. ನನ್ನ ಪರದೆಯ ಸಣ್ಣ ಅಕ್ಷರಗಳನ್ನು ಈಗ ಓದಿದೆ. ಎರಡೂ ಕಡೆಯ ದಿನಾಂಕ, ಸಮಯ ಸರಿಯಿದೆಯೇ ನೋಡಿ ಎಂದು ಅದು ಬೆಳಗಿನಿಂದ ವಿನಯವಾಗಿ ಹೇಳುತ್ತಲೇ ಇತ್ತು.

ಲೋಕವನ್ನೆಲ್ಲ ಅನುಮಾನಿಸುವ ನಾನು ಗಡಿಯಾರವನ್ನು ಅನುಮಾನಿಸಲಿಲ್ಲ. ನೇರವಾಗಿ ನನ್ನ ನೆನಪಿನ ಮೇಲೆಯೇ ಬಿದ್ದೆ. ಅದನ್ನು ವಿನಯ ಎಂದುಕೊಂಡಿದ್ದೆ; ಅದು ಬರೀ ಸೋಮಾರಿತನ. ತನ್ನನ್ನು ತಾನು ಬೈದುಕೊಳ್ಳಲು ಎದ್ದು ಹೋಗಿ ಏನನ್ನೂ ನೋಡಬೇಕಿಲ್ಲವಲ್ಲ.

ತಾರೀಖು ತಿದ್ದುವುದನ್ನು ಹೇಳಿಕೊಟ್ಟೆ. ತಿದ್ದಿದರು. "ಉಳಿದದ್ದು ನೀವೇ ನೋಡ್ಕಳ್ರಿ, ನಾನೇನಾದ್ರೂ ಒತ್ತಿ ನವಿಲು ಹಾರಿಹೋದ್ರೆ ಕಷ್ಟ" ಎಂದು ಎದ್ದುಬಿಟ್ಟರು. ನಾನು ಮೊದಲಿನ ಪಾಸ್‌ವರ್ಡನ್ನೇ ಒತ್ತಿದೆ, ಬಾಗಿಲು ತೆರೆಯಿತು. ನಕ್ಷೆ ಪಕ್ಕದ ಬೀದಿಗೆ ಹೋಯಿತು. ಊಟದ ಹೊತ್ತು ದಾಟುವಷ್ಟರಲ್ಲಿ ರಟ್ಟುಗಳು ಬಂದವು. ಪದ್ಮಕ್ಕ ಮಗ್ಗದ ಗುಂಡಿಗೆ ಕಾಲಿಳಿಸಿದರು. ಸೆರಗಿನ ಮೊದಲ ಎಳೆಗಳು ಕೂತವು. ಇನ್ನು ನವಿಲುಗಳು ಮುಖಾಮುಖಿಯಾಗುವುದು ಅವರ ಕೈಗೆ ಬಿಟ್ಟದ್ದು, ಮತ್ತು ಆ ಕೈ ನಂಬಬಹುದಾದದ್ದು.

ಭದ್ರತೆಯ ನಿಯಮದ ಪ್ರಕಾರ ನಾನು ಆಗಲೇ ಪಾಸ್‌ವರ್ಡ್ ಬದಲಿಸಬೇಕಿತ್ತು. ಹಾಗೆಂದು ಪದ್ಮಕ್ಕನಿಗೂ ಹೇಳಿದೆ. ಅವರು ಲಾಳಿ ನಿಲ್ಲಿಸದೆಯೇ, "ಪೋನೀ ಬಿಡ್ರಿ ಸಾರ್, ಯಾಕೆ ಬದಲಾಯಿಸ್ತೀರಿ? ಮರ್ತುಹೋದ್ರೆ ಈ ಬೀದಿಯಾಗೆ ಯಾರನ್ನ ಕೇಳಿದ್ರೂ ಹೇಳ್ತಾರೆ" ಎಂದರು.

ಇನ್ನೂ ಬದಲಿಸಿಲ್ಲ. ಬದಲಿಸಿದರೆ ಮತ್ತೆ ನಾನೊಬ್ಬನೇ ನೆನಪಿಟ್ಟುಕೊಳ್ಳಬೇಕು.